ಗಣಿಯಿಂದ ಬಂದ ಕಾರ್ಡು

(ಬೆಂಗಳೂರಿನ ಎಸ್.ಪಿ. ರೋಡು. ಅಪ್ಪನ ಜೇಬಲ್ಲಿ 40,000 ರೂಪಾಯಿ, ಮಗನ ಕೈಲಿ ಕಂಪ್ಯೂಟರ್ ಬಿಡಿಭಾಗಗಳ ಉದ್ದನೆಯ ಪಟ್ಟಿ.)

ಮಗ: ಗ್ರಾಫಿಕ್ಸ್ ಕಾರ್ಡಿಗೇ ಮೂವತ್ತು ಸಾವಿರ ಬೇಕಪ್ಪಾ.

ಅಪ್ಪ: ಮಿಕ್ಕಿದ್ದಕ್ಕೆ?

ಮಗ: ಅಜ್ಜಿ ಪೆನ್ಷನ್ ಇದೆಯಲ್ಲ.

ಅಂಗಡಿಯವ: ಸಾರ್, ಸೆಕೆಂಡ್ ಹ್ಯಾಂಡ್ ಇದೆ. ಹೊಸದರ ಥರಾನೇ.

ಮಗ: ಗಣೀಲಿ ದುಡಿದದ್ದಲ್ಲ ತಾನೆ?

ಅಪ್ಪ: ಗಣಿನಾ? ಬಳ್ಳಾರೀದಾ?

ಮಗ: ಈಥೀರಿಯಂ ಅನ್ನೋ ಕ್ರಿಪ್ಟೊ ಕರೆನ್ಸೀದು. 2022ರ ಸೆಪ್ಟೆಂಬರಿನಲ್ಲಿ ಅದರ ಮೈನಿಂಗ್ ನಿಂತಿತು. ಹಗಲೂ ರಾತ್ರಿ ಓಡಿದ ಕಾರ್ಡುಗಳೆಲ್ಲ ಮಾರುಕಟ್ಟೆಗೆ ಬಂದವು.

ಅಂಗಡಿಯವ: (ಕಾರ್ಡಿನ ಧೂಳು ಊದುತ್ತಾ) ಇದು ಮನೇಲೇ ಇದ್ದದ್ದು. ಪವರ್ ಸಪ್ಲೈ ಲೋಕಲ್ ಹಾಕಿಬಿಡೋಣ, ದುಡ್ಡು ಉಳಿಯುತ್ತೆ.

ಮಗ: ಅದು ಸುಟ್ಟರೆ ಮದರ್‌ಬೋರ್ಡನ್ನೂ ಜೊತೇಲಿ ಕರ್ಕೊಂಡು ಹೋಗುತ್ತೆ!

ಅಪ್ಪ: ಕಾರ್ಡೇ ಬೇಡ ಅಂದ್ರೆ?

ಅಂಗಡಿಯವ: (ಮುಖ ಸಣ್ಣದಾಗಿ) ರೈಜನ್ 5600ಜಿ ಪ್ರೊಸೆಸರ್ ಇದೆ, ಗ್ರಾಫಿಕ್ಸ್ ಒಳಗೇ ಬರುತ್ತೆ. ರ್‍ಯಾಮ್ ಮಾತ್ರ 8 ಜಿಬಿದು ಎರಡು ಹಾಕ್ಬೇಕು. ಒಂದೇ ಹಾಕಿದ್ರೆ ಆಟ ತೆವಳುತ್ತೆ.

ಮಗ: ಮತ್ತೆ ಬಣ್ಣದ ಲೈಟು?

ಅಪ್ಪ: ಆಯುಧಪೂಜೆಗೆ ನಾನೇ ಸೀರಿಯಲ್ ಸೆಟ್ ಸುತ್ತುತೀನಿ.

ಅಂಗಡಿಯವ: ಬಿಲ್ ಬೇಕಾ ಸಾರ್? 18 ಪರ್ಸೆಂಟ್ ಜಿಎಸ್‌ಟಿ ಬೀಳುತ್ತೆ.

(ಓದುಗರೇ, ಬಿಲ್ ಮಾತ್ರ ಬಿಡಬೇಡಿ. ಅದಿಲ್ಲದೆ ವಾರಂಟಿ ಕೇಳಲು ಹೋದರೆ ಇದೇ ಅಂಗಡಿಯವನಿಗೆ ನಿಮ್ಮ ಗುರುತೇ ಹತ್ತುವುದಿಲ್ಲ.)