ಬೆಟ್ಟಕ್ಕೊಂದು ಹಂಡ್ರೆಡ್ ಫೀಟ್ ರೋಡು

ಶುಕ್ರವಾರ ರಾತ್ರಿ ಹತ್ತರ ಸುಮಾರಿಗೆ ಇಂದಿರಾನಗರ ಮೆಟ್ರೋ ಸ್ಟೇಷನ್ ಕೆಳಗೆ ಸುಮ್ಮನೆ ಒಂದು ಸುತ್ತು ಹಾಕಿ ಬನ್ನಿ. ಬೆನ್ನಿಗೆ ತಲೆಗಿಂತ ಎತ್ತರದ ಬ್ಯಾಗು, ಕಾಲಿಗೆ ಇನ್ನೂ ಮಣ್ಣಿನ ಮುಖ ನೋಡದ ಬೂಟು, ಕೈಯಲ್ಲಿ ಮಡಚಿ ಬಿಚ್ಚುವ ಕೋಲು. ಒಂದು ದಂಡು ಟಿಟಿ ಗಾಡಿಗೆ ಕಾಯುತ್ತಾ ನಿಂತಿರುತ್ತದೆ. ಗಾಡಿ ಇನ್ನೂ ಕೆ.ಆರ್. ಪುರಂ ಕಡೆಯವರನ್ನು ಹತ್ತಿಸಿಕೊಂಡು ಟಿನ್ ಫ್ಯಾಕ್ಟರಿ ಹತ್ತಿರ ತೆವಳುತ್ತಿದೆ. ಕುದುರೆಮುಖ ಹತ್ತುವುದೇನು ಮಹಾ, ಟಿನ್ ಫ್ಯಾಕ್ಟರಿ ದಾಟಿ ಬಂದವನಿಗೆ ಆಗಲೇ ಒಂದು ಪದಕ ಕೊಟ್ಟುಬಿಡಬಹುದು.

ಹಲಸೂರಿನಲ್ಲಿ ನಮ್ಮ ಮಹಡಿ ಮನೆ ಹುಡುಗನೂ ಈ ದಂಡಿನವನೇ. ನಮ್ಮ ಬೀದಿಯಿಂದ ಮೆಟ್ರೋ ಸ್ಟೇಷನ್‌ಗೆ ಹೋಗಲು ಅವನಿಗೆ ಆಟೋ ಬೇಕು. “ಇಷ್ಟು ದೂರಕ್ಕೆ ಆಟೋ ಯಾಕಪ್ಪಾ?” ಅಂದರೆ, “ಎನರ್ಜಿ ಸೇವ್ ಮಾಡ್ತಿದ್ದೀನಿ ಅಂಕಲ್” ಅಂತಾನೆ. ಅವನದೂ ತಪ್ಪಲ್ಲ ಬಿಡಿ. ಕುದುರೆಮುಖಕ್ಕೆ ಹತ್ತಿ ಇಳಿಯುವಷ್ಟರಲ್ಲಿ ಇಪ್ಪತ್ತು ಕಿಲೋಮೀಟರ್ ಆಸುಪಾಸು ಆಗುತ್ತದೆ. ಅಲ್ಲಿ ಕಾಲಿಗೆ ಇಂಬಳ ಹತ್ತುತ್ತದೆ, ಅಷ್ಟೇ. ನಮ್ಮ ಬೀದಿಯ ಫುಟ್‌ಪಾತಿನಲ್ಲಿ ಕಾಲೇ ಚಪ್ಪಡಿ ಕಲ್ಲಿನ ಸಂದಿಗೆ ಇಳಿಯುತ್ತದೆ.

ಈ ದಂಡಿನ ಬಲ ಎಷ್ಟೆಂದು ನಾಡಿಗೆ ಸರಿಯಾಗಿ ಗೊತ್ತಾದದ್ದು 2024ರ ಜನವರಿಯಲ್ಲಿ. ಗಣರಾಜ್ಯೋತ್ಸವ ಶುಕ್ರವಾರ ಬಿತ್ತು. ಶುಕ್ರವಾರ ರಜೆ ಸಿಕ್ಕರೆ ಬೆಂಗಳೂರಿನವರನ್ನು ಹಿಡಿಯುವವರುಂಟೆ? ಎಲ್ಲರೂ ಒಟ್ಟಿಗೆ ಕುಕ್ಕೆಗೆ ಹೋಗಿ ಕುಮಾರ ಪರ್ವತದ ಬುಡದಲ್ಲಿ ಇಳಿದರು. ಆ ವಿಡಿಯೋ ನೀವೂ ನೋಡಿರಬೇಕು. ಕಾಡು ಕಾಣುತ್ತಿರಲಿಲ್ಲ, ಬರೀ ತಲೆಗಳು. ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನಲ್ಲಿ ಹಬ್ಬದ ಹಿಂದಿನ ದಿನವೂ ಅಷ್ಟು ನೂಕುನುಗ್ಗಲು ಇರುವುದಿಲ್ಲ, ಇದ್ದರೂ ಹೂವಾದರೂ ಸಿಗುತ್ತದೆ. ಕೊನೆಗೆ ಅರಣ್ಯ ಸಚಿವ ಈಶ್ವರ ಖಂಡ್ರೆಯವರು ಆನ್‌ಲೈನ್ ಬುಕಿಂಗ್ ಇಲ್ಲದ ಕಡೆ ಚಾರಣವೇ ಬೇಡ ಎಂದು ತಡೆದರು. ಆಮೇಲೆ ‘ಅರಣ್ಯ ವಿಹಾರ’ ಎಂಬ ಜಾಲತಾಣ ಬಂತು. ಒಂದು ದಾರಿಗೆ ದಿನಕ್ಕೆ ಮುನ್ನೂರು ಜನ, ಅದಕ್ಕಿಂತ ಹೆಚ್ಚಿಲ್ಲ. ಈಗ ನಮ್ಮ ಹುಡುಗರು ತತ್ಕಾಲ್ ಟಿಕೆಟ್ ಹಿಡಿಯುವ ಹಟದಲ್ಲಿ ಬೆಟ್ಟ ಬುಕ್ ಮಾಡುತ್ತಾರೆ.

ಮುನ್ನೂರು ಜನ ಅಂದರೆ ಆರು ನೂರು ಬೂಟು. ಹತ್ತಿದ ದಾರಿಯಲ್ಲೇ ಇಳಿಯಬೇಕಾದ್ದರಿಂದ ಎರಡು ಸಲ ತುಳಿತ. ಆ ತುಳಿತಕ್ಕೆ ಮೊದಲು ಸಾಯುವುದು ಹುಲ್ಲು. ಹುಲ್ಲಿನ ಬೇರು ಹೋದ ಮೇಲೆ ಮಣ್ಣು ಗಟ್ಟಿಯಾಗಿ ನೀರು ಕುಡಿಯುವುದನ್ನು ಬಿಡುತ್ತದೆ. ಜೂನ್‌ನಲ್ಲಿ ಘಟ್ಟದ ಮಳೆ ಶುರುವಾಯಿತೆಂದರೆ, ನೀರಿಗೆ ಹರಿಯಲು ಅಷ್ಟು ಚೆನ್ನಾದ ಕಾಲುವೆ ಬೇರೆ ಎಲ್ಲಿ ಸಿಗಬೇಕು? ದಾರಿಯೇ ತೋಡಾಗುತ್ತದೆ. ಮುಂದಿನ ವರ್ಷ ಬಂದವರು ತೋಡಿನಲ್ಲಿ ಜಾರುತ್ತದೆ ಎಂದು ಪಕ್ಕದ ಹುಲ್ಲಿನ ಮೇಲೆ ನಡೆಯುತ್ತಾರೆ. ಅದೂ ತೋಡಾಗುತ್ತದೆ. ಮತ್ತೆ ಅದರ ಪಕ್ಕ. ಒಬ್ಬರ ಹಿಂದೆ ಒಬ್ಬರು ನಡೆಯಬೇಕಾದ ಕಾಲುದಾರಿ ಕೆಲವು ಮಳೆಗಾಲ ಕಳೆಯುವುದರೊಳಗೆ ನಾಲ್ಕು ಸಾಲು, ಐದು ಸಾಲು. ಇಂದಿರಾನಗರದ ಹಂಡ್ರೆಡ್ ಫೀಟ್ ರೋಡಿನಿಂದ ತಪ್ಪಿಸಿಕೊಳ್ಳಲೆಂದು ಹೋದವರು ಅಲ್ಲಿ ಇನ್ನೊಂದು ಹಂಡ್ರೆಡ್ ಫೀಟ್ ರೋಡು ಹಾಕಿ ಬರುತ್ತಾರೆ. ಪಬ್ಬು ಮಾತ್ರ ಬಾಕಿ.

ಇದಕ್ಕೆ ಶಾರ್ಟ್‌ಕಟ್ ಶೂರರು ಬೇರೆ. ಸಿ.ಎಂ.ಎಚ್. ರೋಡಿನಲ್ಲಿ ಡಿವೈಡರ್ ಹಾರಿ ದಾಟುವ ಕಾಲು ಬೆಟ್ಟದಲ್ಲಿ ಸುಮ್ಮನಿರುತ್ತದೆಯೇ? ದಾರಿ ಬಳಸಿ ಬಳಸಿ ಏರುತ್ತಿದ್ದರೆ ಇವರು ನಡುವೆ ನೆಟ್ಟಗೆ ನುಗ್ಗುತ್ತಾರೆ. ಉಳಿಯುವುದು ಎರಡು ನಿಮಿಷ. ಅದನ್ನು ಮೇಲೆ ಹೋಗಿ ಸೆಲ್ಫಿಗೆ ಖರ್ಚು ಮಾಡುತ್ತಾರೆ. ಮನುಷ್ಯ ನೆಟ್ಟಗೆ ಇಳಿದ ಕಡೆ ನೀರೂ ನೆಟ್ಟಗೆ ಇಳಿಯುತ್ತದೆ, ಹೋಗುವಾಗ ಕೆಳಗಿನ ದಾರಿಯ ಅಂಚನ್ನೂ ಕಿತ್ತುಕೊಂಡು ಹೋಗುತ್ತದೆ. ದಾರಿ ಬಳಸಿ ಹೋಗುವುದು ಯಾರದೋ ಸೋಮಾರಿತನವಲ್ಲ ಸ್ವಾಮಿ. ಹಿಂದೆ ಘಟ್ಟ ಹತ್ತಿ ಇಳಿಯುತ್ತಿದ್ದ ಹೇರೆತ್ತುಗಳು ಮೇಲಿಂದ ಅಕ್ಕಿ ಹೊತ್ತು ಇಳಿದು ಕೆಳಗಿನಿಂದ ಉಪ್ಪು ಹೊತ್ತು ಏರಬೇಕಿತ್ತು. ಬೆನ್ನ ಮೇಲೆ ಭಾರವಿದ್ದ ಎತ್ತು ಕಡಿದಾದ ಏರಿಗೆ ಕಾಲಿಡುತ್ತಿರಲಿಲ್ಲ. ಎತ್ತಿಗೆ ಗೊತ್ತಿದ್ದದ್ದು ಎಂಜಿನಿಯರಿಂಗ್ ಓದಿದವರಿಗೆ ಗೊತ್ತಿಲ್ಲ ಅಂದರೆ ಹುಡುಗನಿಗೆ ಕೋಪ ಬರುತ್ತದೆ, ಆದ್ದರಿಂದ ನಾನು ಮಹಡಿ ಮೆಟ್ಟಿಲ ಹತ್ತಿರ ನಿಂತು ಸ್ವಲ್ಪ ಜೋರಾಗಿಯೇ ಹೇಳುತ್ತೇನೆ.

ದಾರಿ ಮಾಡುವವರನ್ನು ನೋಡಲು ಘಟ್ಟಕ್ಕೇ ಹೋಗಬೇಕೆಂದಿಲ್ಲ. ನಮ್ಮ ಹಲಸೂರು ಕೆರೆ ಪಕ್ಕದಲ್ಲೇ ಮದ್ರಾಸ್ ಸ್ಯಾಪರ್ಸ್ ಪಡೆ ಇದೆ. 1780ರಲ್ಲಿ ಹುಟ್ಟಿದ ಪಡೆ. ಸೈನ್ಯ ಹೋಗುವ ಕಡೆ ರಸ್ತೆ, ಸೇತುವೆ ಕಟ್ಟಿಕೊಡುವುದೇ ಅವರ ಕಸುಬು. ಬೆಟ್ಟಕ್ಕೆ ಹೊರಟ ನಮ್ಮ ಹುಡುಗರ ಆಟೋ ಆ ಕಾಂಪೌಂಡಿನ ಮುಂದೆಯೇ ಹಾದುಹೋಗುತ್ತದೆ, ಅವರು ಮೊಬೈಲಿನಲ್ಲಿ ಹವಾಮಾನ ನೋಡುತ್ತಿರುತ್ತಾರೆ.

ಬೆಟ್ಟದಲ್ಲಿ ಆ ಕೆಲಸ ಫಾರೆಸ್ಟ್ ವಾಚರನದು. ಅವನ ಫೋಟೋ ಯಾರ ಇನ್‌ಸ್ಟಾಗ್ರಾಮಿನಲ್ಲೂ ಇಲ್ಲ. ಮಳೆ ಬಿಟ್ಟ ಮೇಲೆ ಬಿದ್ದ ಮರ ಕಡಿದು ಸರಿಸಬೇಕು, ದಾರಿಗೆ ಚಾಚಿದ ಮುಳ್ಳು ಸವರಬೇಕು. ಬೇಸಿಗೆಗೆ ಮುಂಚೆ ಬೆಂಕಿ ರೇಖೆ ತೆಗೆಯಬೇಕು. ಅಂದರೆ ಒಂದು ಪಟ್ಟಿಯಷ್ಟು ಒಣಹುಲ್ಲನ್ನು ಮೊದಲೇ ಇಲ್ಲದಂತೆ ಮಾಡುವುದು, ಕಿಚ್ಚು ಬಂದರೆ ಅಲ್ಲಿಗೆ ನಿಲ್ಲಲಿ ಎಂದು. ಇಷ್ಟರ ನಡುವೆ ಬ್ಯಾಗು ಬಿಚ್ಚಿಸಿ ಚಿಪ್ಸ್ ಪ್ಯಾಕೆಟ್ ಹುಡುಕುವ ಕೆಲಸ ಬೇರೆ. ತೋಡಾದ ದಾರಿಗೆ ಮದ್ದೂ ದುಬಾರಿಯದಲ್ಲ. ದಾರಿಗೆ ಓರೆಯಾಗಿ ಅಲ್ಲಲ್ಲಿ ಒಂದೊಂದು ಸಾಲು ಕಲ್ಲು ಹೂತರೆ ನೀರು ಪಕ್ಕದ ಹುಲ್ಲಿಗೆ ತಿರುಗುತ್ತದೆ. ಶಾರ್ಟ್‌ಕಟ್ಟಿನ ಬಾಯಿಗೆ ಒಂದು ಹೊರೆ ಒಣಕೊಂಬೆ ಒಟ್ಟಿದರೆ ಶೂರರೂ ತಿರುಗುತ್ತಾರೆ. ಬೇಕಾದದ್ದು ಹಾರೆ, ಗುದ್ದಲಿ ಮತ್ತು ಬೆನ್ನು. ಬೆನ್ನಂತೂ ವಾರಕ್ಕೆ ಇಂತಿಷ್ಟು ಎಂದು ಬೆಂಗಳೂರಿನಿಂದ ಹೋಗುತ್ತಲೇ ಇದೆ, ಅದರ ಮೇಲೆ ಪವರ್ ಬ್ಯಾಂಕು, ಮ್ಯಾಗಿ, ಬ್ಲೂಟೂತ್ ಸ್ಪೀಕರು ಹೇರಿರುತ್ತದೆ.

ಈ ಮಾತನ್ನು ಹಿಡಿದು ಸ್ವಲ್ಪ ಹೆಚ್ಚೇ ಕೊರೆದೆನೋ ಏನೋ. ಹೋದ ಭಾನುವಾರ ಹುಡುಗ ಕೆಳಗಿಳಿದು ಬಂದು, “ಅಂಕಲ್, ಫಾರೆಸ್ಟಿನವರು ಒಪ್ಪಿದ್ರೆ ಮುಂದಿನ ತಿಂಗಳು ನಮ್ಮ ಗ್ರೂಪಿನವರೆಲ್ಲ ದಾರಿಗೆ ಕಲ್ಲು ಹೊರೋಕೆ ಹೋಗ್ತೀವಿ” ಅಂದ. ಗ್ರೂಪಿನಲ್ಲಿ ಕೇಳಿದ್ದಕ್ಕೆ ಒಬ್ಬ ಟೀ ಶರ್ಟ್ ಕೊಡ್ತಾರಾ ಅಂದನಂತೆ, ಇನ್ನೊಬ್ಬ ಸರ್ಟಿಫಿಕೇಟ್ ಅಂದನಂತೆ. ಒಬ್ಬಳು ಹುಡುಗಿ ಮಾತ್ರ ಗುದ್ದಲಿ ನಾವೇ ತರಬೇಕಾ ಅಂತ ಕೇಳಿದಳಂತೆ. ಪರವಾಗಿಲ್ಲ, ಒಬ್ಬಳಾದರೂ ಇದ್ದಾಳೆ ಅಂತ ನಾನು ಖುಷಿಪಡುವಷ್ಟರಲ್ಲಿ ಮೇಲಿನಿಂದ ಅವನ ತಾಯಿಯ ದನಿ ಕೇಳಿಸಿತು.

“ಗೇಟಿನ ಮುಂದಿನ ಚಪ್ಪಡಿ ಅಲ್ಲಾಡ್ತಿದೆ, ಒಂದು ಕಲ್ಲು ಕೊಟ್ಟು ನಿಲ್ಸೋ ಅಂತ ಯುಗಾದಿಯಿಂದ ಹೇಳ್ತಿದ್ದೀನಿ. ಇವನು ಟಿಟಿ ಮಾಡ್ಕೊಂಡು ಹೋಗಿ ಅಲ್ಲಿ ಕಲ್ಲು ಹೊರ್ತಾನಂತೆ ರೀ!”