ಎಂಬತ್ತು ಅಂಕದ ಇಂಗ್ಲಿಷು

ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿಯು ನಡೆಸುವ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ದ್ವಿತೀಯ ಭಾಷೆಯ ಸ್ಥಾನ ಪಡೆದಿರುವ ಇಂಗ್ಲಿಷಿಗೆ ಲಿಖಿತ ಪರೀಕ್ಷೆಯಿಂದ 80, ಆಂತರಿಕ ಮೌಲ್ಯಮಾಪನದಿಂದ 20, ಹೀಗೆ ಒಟ್ಟು 100 ಅಂಕಗಳು ನಿಗದಿಯಾಗಿವೆ. ಇವುಗಳಲ್ಲಿ 20 ಅಂಕದ ಇಂಗ್ಲಿಷು ಶಾಲೆಯ ಮೇಷ್ಟರ ಕೈಯಲ್ಲಿಯೇ ಇರುವುದರಿಂದಲೂ ಮೇಷ್ಟರು ಸ್ವಭಾವತಃ ದಯಾಳುಗಳಾಗಿರುವುದರಿಂದಲೂ ಅದರ ಸಲುವಾಗಿ ಯಾವ ಮನೆಯಲ್ಲಿಯೂ ಯಾರೂ ನಿದ್ದೆಗೆಡುವುದಿಲ್ಲ. ಉಳಿದ 80 ಅಂಕದ ಇಂಗ್ಲಿಷು ಹಾಗಲ್ಲ. ಅದು ಇಂಗ್ಲೆಂಡಿನವರು ಆಡುವ ಇಂಗ್ಲಿಷಿನಿಂದಲೂ, ಮೈಸೂರು ಅರಮನೆಯ ಮುಂದೆ ಗೈಡುಗಳು ಪ್ರವಾಸಿಗರೊಂದಿಗೆ ಆಡುವ ಇಂಗ್ಲಿಷಿನಿಂದಲೂ ಬೇರೆಯಾದ, ತನ್ನದೇ ವ್ಯಾಕರಣವನ್ನೂ ತನ್ನದೇ ಋತುಮಾನವನ್ನೂ ಹೊಂದಿರುವ ಸ್ವತಂತ್ರ ಭಾಷೆಯಾಗಿದ್ದು, ಫೆಬ್ರುವರಿಯಲ್ಲಿ ಹುಟ್ಟಿ ಏಪ್ರಿಲ್ ಮೊದಲ ವಾರದೊಳಗೆ ಅಳಿದುಹೋಗುತ್ತದೆ. ಅದನ್ನು ಆಡುವವರು ಯಾರೂ ಇಲ್ಲ. ಬರೆಯುವವರು ಮಾತ್ರ ಪ್ರತಿ ವರ್ಷ ಲಕ್ಷಗಟ್ಟಲೆ ಇದ್ದಾರೆ.

ಈ ಭಾಷೆಯ ಅಧ್ಯಯನಕ್ಕೆ ಮೈಸೂರಿನ ಹಿನಕಲ್‌ಗಿಂತ ಅನುಕೂಲವಾದ ಕ್ಷೇತ್ರ ಸಿಗುವುದು ಕಷ್ಟ. ಹುಣಸೂರು ರಸ್ತೆಯೂ ರಿಂಗ್ ರಸ್ತೆಯೂ ಕೂಡುವಲ್ಲಿ, ಮೇಲ್ಸೇತುವೆಯ ಪಕ್ಕಕ್ಕೆ ಒತ್ತಿಕೊಂಡಿರುವ ಈ ಊರು ನನ್ನೇಶ್ವರನ ಹಳೆಯ ಗುಡಿಯನ್ನೂ, ಹಳ್ಳಿಯ ಓಣಿಗಳನ್ನೂ, ಹೊರಗಿನಿಂದ ಬಂದ ಉದ್ಯೋಗಿಗಳಿಗಾಗಿ ಎದ್ದ ಪಿ.ಜಿ. ಕಟ್ಟಡಗಳನ್ನೂ ಒಟ್ಟಿಗೆ ಸಾಕಿಕೊಂಡಿದೆ. ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿರುವ ಇನ್ಫೋಸಿಸ್‌ನ ತರಬೇತಿ ಕೇಂದ್ರ ಇಲ್ಲಿಂದ ದೂರವೇನಲ್ಲ. ಇದೇ ಹುಣಸೂರು ರಸ್ತೆಯಲ್ಲಿ ನಗರದ ಕಡೆಗೆ ಹೋದರೆ 1969ರಲ್ಲಿ ಸ್ಥಾಪನೆಯಾದ ಭಾರತೀಯ ಭಾಷಾ ಸಂಸ್ಥಾನವಿದೆ. ಬೋಗಾದಿಯ ಕಡೆಗೆ ಹೊರಳಿದರೆ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಸಿ.ಡಿ. ನರಸಿಂಹಯ್ಯನವರು 1979ರಲ್ಲಿ ಕಟ್ಟಿದ ಧ್ವನ್ಯಾಲೋಕವೆಂಬ ಸಾಹಿತ್ಯ ಕೇಂದ್ರವಿದೆ. ಸಾಫ್ಟ್‌ವೇರಿನವರು, ಭಾಷಾವಿಜ್ಞಾನಿಗಳು, ವಿಮರ್ಶಕರು ಹೀಗೆ ಮೂರು ದಿಕ್ಕಿನಿಂದ ಮುತ್ತಿಗೆ ಹಾಕಿರುವ ಊರಿನಲ್ಲಿ ಇಂಗ್ಲಿಷು ನೆಗಡಿಯಂತೆ ತಾನಾಗಿಯೇ ಹರಡಬೇಕೆಂದು ಊಹಿಸುವುದು ಸಹಜವಾದರೂ ಹತ್ತನೇ ತರಗತಿಯವರ ಅಂಕಪಟ್ಟಿಗಳು ಆ ಊಹೆಯನ್ನು ಸಮರ್ಥಿಸುವುದಿಲ್ಲ. ಹಿನಕಲ್‌ಗೆ 80 ಅಂಕದ ಇಂಗ್ಲಿಷು ಬರುವುದು ಈ ಮೂರು ದಿಕ್ಕುಗಳಿಂದಲ್ಲ, ಜೆರಾಕ್ಸ್ ಅಂಗಡಿಯಿಂದ.

ಜೆರಾಕ್ಸ್ ಅಂಗಡಿಯಲ್ಲಿ ಸಿಗುವ ಮೂಲ ಗ್ರಂಥಕ್ಕೆ ಪಾಸಿಂಗ್ ಪ್ಯಾಕೇಜ್ ಎಂದು ಹೆಸರು. ಪಠ್ಯಪುಸ್ತಕವನ್ನು ಪೂರ್ತಿ ಓದದೆಯೂ ಉತ್ತೀರ್ಣರಾಗಲು ಎಷ್ಟು ಬೇಕೋ ಅಷ್ಟನ್ನೇ ಅನುಭವಿ ಶಿಕ್ಷಕರು ಸೋಸಿ ಕೊಟ್ಟ ಹಾಳೆಗಳ ಕಟ್ಟು ಇದು. ಇದರ ಹಿಂದೆ ನೀಲನಕ್ಷೆಯೆಂಬ ಇನ್ನೊಂದು ದಾಖಲೆ ಕೆಲಸ ಮಾಡುತ್ತದೆ. ಪ್ರಶ್ನೆಪತ್ರಿಕೆಯಲ್ಲಿ ಗದ್ಯಕ್ಕೆ ಎಷ್ಟು, ಪದ್ಯಕ್ಕೆ ಎಷ್ಟು, ಪತ್ರಕ್ಕೆ ಎಷ್ಟು ಅಂಕವೆಂಬುದನ್ನು ಮುಂಚಿತವಾಗಿ ಹಂಚಿಟ್ಟ ಪಟ್ಟಿಗೆ ಆ ಹೆಸರು. 80ರಲ್ಲಿ 28 ಬಂದರೆ ಪಾಸು ಎಂಬುದು ಬಹುಕಾಲ ನಡೆದುಬಂದ ಗಡಿಯಾಗಿದ್ದುದರಿಂದ, ನೀಲನಕ್ಷೆಯನ್ನು ಎದುರಿಗಿಟ್ಟುಕೊಂಡು ಯಾವ ಯಾವ ಪ್ರಶ್ನೆಗಳನ್ನು ಕೂಡಿದರೆ ಆ 28 ದಕ್ಕುತ್ತದೆಂದು ಲೆಕ್ಕ ಹಾಕುವುದರಲ್ಲಿ ವಿದ್ಯಾರ್ಥಿಗಳು ಪಡೆಯುವ ಪ್ರಾವೀಣ್ಯವು ಗಣಿತದ ಮೇಷ್ಟರಿಗೆ ತಿಳಿದರೆ ಅವರು ಕಣ್ಣೀರು ಹಾಕಬಹುದು. ಪ್ಯಾಕೇಜು ಸೂತ್ರವಾದರೆ ಟ್ಯೂಷನ್ ಸರ್ ಹೇಳುವುದು ಭಾಷ್ಯ, ಅಂಗಡಿಯಲ್ಲಿ ಸಿಗುವ ಗೈಡು ಟಿಪ್ಪಣಿ. ಮೂಲ ಪಠ್ಯಪುಸ್ತಕವು ಎಲ್ಲ ದರ್ಶನಗಳಲ್ಲಿಯೂ ಆಗುವಂತೆ ಪೂಜ್ಯವಾಗಿ, ಮಾಸದ ಬೈಂಡಿನೊಳಗೆ ಉಳಿದುಕೊಳ್ಳುತ್ತದೆ.

ಪುನರ್ಮನನವು ಸಾಮಾನ್ಯವಾಗಿ ವ್ಯಾಕರಣದಿಂದ ಶುರುವಾಗುತ್ತದೆ. ಕೊಟ್ಟ ಪದದಲ್ಲಿ ಉಚ್ಚಾರದ ಘಟಕಗಳು ಎಷ್ಟಿವೆ ಎಂದು ಕೇಳುವ ಒಂದು ಅಂಕದ ಪ್ರಶ್ನೆ ವ್ಯಾಕರಣದ ಪ್ರಶ್ನೆಗಳಲ್ಲಿ ಮುಖ್ಯವಾದುದು. ಇದನ್ನು ಬಿಡಿಸಲು ಗಲ್ಲದ ಕೆಳಗೆ ಅಂಗೈ ಹಿಡಿದು, ಪದವನ್ನು ನಿಧಾನವಾಗಿ ಉಚ್ಚರಿಸಿ, ಗಲ್ಲವು ಎಷ್ಟು ಬಾರಿ ಕೈಗೆ ತಾಗಿತೆಂದು ಎಣಿಸುವ ಕ್ರಮ ರೂಢಿಯಲ್ಲಿದೆ. ಇದೇ ವಿದ್ಯಾರ್ಥಿಯು ಕನ್ನಡ ಪತ್ರಿಕೆಗಾಗಿ ಭಾಮಿನಿ ಷಟ್ಪದಿಗೆ ಪ್ರಸ್ತಾರ ಹಾಕಿ, ಲಘು ಗುರುಗಳನ್ನು ಗುರುತಿಸಿ, ಮೂರು ನಾಲ್ಕರ ಗಣಗಳನ್ನು ಒಂದು ಮಾತ್ರೆಯೂ ಹೆಚ್ಚು ಕಡಿಮೆಯಾಗದಂತೆ ವಿಂಗಡಿಸಬಲ್ಲನೆಂಬುದನ್ನು ಗಮನಿಸಿದರೆ, ಕುಮಾರವ್ಯಾಸನಿಗೆ ಹೆದರದವನು ಚಾಕೊಲೇಟ್ ಎಂಬ ಪದಕ್ಕೆ ಹೆದರುವುದೇಕೆಂಬ ಪ್ರಶ್ನೆ ಏಳುತ್ತದೆ. ಕಾರಣ ಸರಳವಾಗಿದೆ. ಕನ್ನಡದಲ್ಲಿ ಬರೆದುದೆಲ್ಲವೂ ಉಚ್ಚಾರವಾಗುತ್ತದೆ. ಇಂಗ್ಲಿಷಿನಲ್ಲಿ ಕೆಲವು ಅಕ್ಷರಗಳು ಸಂಬಳಕ್ಕೆ ಮಾತ್ರ ಹಾಜರಾಗಿ ಕೆಲಸಕ್ಕೆ ಚಕ್ಕರ್ ಹಾಕುವ ಸ್ವಭಾವದವು. ಪರೀಕ್ಷೆಗೆ ಮುಂಚಿನ ಸಂಜೆಗಳಲ್ಲಿ ಹಿನಕಲ್‌ನ ಮಹಡಿಗಳ ಮೇಲೆ ಗಲ್ಲಕ್ಕೆ ಕೈಕೊಟ್ಟು ನಿಂತಿರುವ ಹುಡುಗ ಹುಡುಗಿಯರನ್ನು ಕಂಡವರು ಅವರು ಭವಿಷ್ಯದ ಚಿಂತೆಯಲ್ಲಿದ್ದಾರೆಂದು ಭಾವಿಸಬಾರದು.

ಭಾಷಾಕಾರ್ಯವೆಂಬ ಇನ್ನೊಂದು ಪ್ರಶ್ನೆಯಲ್ಲಿ ಒಂದು ವಾಕ್ಯವನ್ನು ಕೊಟ್ಟು, ಅದು ಕೋರಿಕೆಯೋ, ಅನುಮತಿ ಬೇಡುವುದೋ, ದಾರಿ ಹೇಳುವುದೋ ಎಂದು ಕೇಳಲಾಗುತ್ತದೆ. ದಾರಿ ಹೇಳುವ ವಾಕ್ಯವನ್ನು ನಾಲ್ಕು ಆಯ್ಕೆಗಳ ನಡುವೆ ತಪ್ಪದೆ ಗುರುತಿಸುವ ವಿದ್ಯಾರ್ಥಿಗೆ, ಪಿ.ಜಿ.ಯಲ್ಲಿರುವ ಉತ್ತರ ಭಾರತದ ತರುಣನೊಬ್ಬ ರಿಂಗ್ ರಸ್ತೆಗೆ ದಾರಿ ಕೇಳಿದಾಗ ಕೈ ಚಾಚಿ ತೋರಿಸುವುದೇ ಸುಲಭವೆನಿಸುತ್ತದೆ. ಇದರಲ್ಲಿ ವಿರೋಧಾಭಾಸವೇನೂ ಇಲ್ಲ. ಕೇಳಿದ್ದು ಗುರುತಿಸುವುದನ್ನೇ ಹೊರತು ಹೇಳುವುದನ್ನಲ್ಲ.

ಪತ್ರಲೇಖನದ ಪ್ರಶ್ನೆ ತಾತ್ವಿಕವಾಗಿ ಇನ್ನೂ ಆಳವಾದುದು. ಇಲ್ಲಿ ವಿದ್ಯಾರ್ಥಿಯು ತನ್ನನ್ನು ಯಾವುದೋ ಊರಿನ ಸರ್ಕಾರಿ ಪ್ರೌಢಶಾಲೆಯ ಯಾರೋ ಒಬ್ಬನೆಂದು ಭಾವಿಸಿಕೊಳ್ಳಬೇಕೆಂದು ಪತ್ರಿಕೆಯೇ ಆಜ್ಞಾಪಿಸುತ್ತದೆ. ಉತ್ತರಪತ್ರಿಕೆಯಲ್ಲಿ ಬರೆದವರ ಗುರುತು ಸಿಗಬಾರದೆಂಬುದು ಇದರ ಆಡಳಿತಾತ್ಮಕ ಉದ್ದೇಶವಾಗಿದ್ದರೂ, ತಾನು ತಾನಲ್ಲವೆಂಬ ಅರಿವನ್ನು ಐದು ಅಂಕಕ್ಕೆ ಪಡೆಯುವ ಅವಕಾಶ ಬೇರೆ ಕಡೆ ಇಷ್ಟು ಅಗ್ಗವಾಗಿ ಸಿಗುವುದಿಲ್ಲ. ಹೀಗೆ ಅನ್ಯನಾದವನು ತಂದೆಗೆ ಪತ್ರ ಬರೆದು ಶಾಲೆಯ ಪ್ರವಾಸಕ್ಕೆ ಹಣವನ್ನೂ ಅನುಮತಿಯನ್ನೂ ಕೇಳಬೇಕು. ವಾಸ್ತವದಲ್ಲಿ ತಂದೆ ಪಕ್ಕದ ಕೋಣೆಯಲ್ಲಿ ಟಿ.ವಿ. ನೋಡುತ್ತ ಕುಳಿತಿರುತ್ತಾನೆ, ಹಿನಕಲ್‌ನ ಮನೆಗಳಲ್ಲಿ ತಂದೆಯಿಂದ ಹಣ ಕೇಳುವ ಶಿಷ್ಟ ಕ್ರಮವೆಂದರೆ "ಅಮ್ಮ, ನೀನೇ ಅಪ್ಪಂಗೆ ಹೇಳು" ಎಂಬ ಒಂದು ವಾಕ್ಯದ ಮೌಖಿಕ ಅರ್ಜಿ. ಆ ಅರ್ಜಿಗೆ ದಿನಾಂಕವೂ ಇಲ್ಲ, ವಿಳಾಸವೂ ಇಲ್ಲ, ಆದ್ದರಿಂದ ಅಂಕವೂ ಇಲ್ಲ. ಪತ್ರದ ಪ್ರಶ್ನೆಯಲ್ಲಿ ಒಂದು ಪಾಲು ಅಂಕ ಒಕ್ಕಣೆಗೇ ಮೀಸಲಾಗಿರುವುದರಿಂದ, ಹೇಳುವುದಕ್ಕೇನೂ ತೋಚದಿದ್ದರೂ ಇಂದ, ಇವರಿಗೆ, ದಿನಾಂಕ, ವಿಷಯ, ವಂದನೆ, ಇಂತಿ ಎಂಬ ಭಾಗಗಳನ್ನು ಆಯಾ ಜಾಗದಲ್ಲಿ ಇಟ್ಟು ನಡುವೆ ಖಾಲಿ ಬಿಡದೆ ಏನಾದರೂ ತುಂಬಬೇಕೆಂದು ಪ್ಯಾಕೇಜು ಬೋಧಿಸುತ್ತದೆ. ಸರ್ಕಾರಿ ಕಚೇರಿಗಳಿಂದ ಬರುವ ಪತ್ರಗಳನ್ನು ಓದಿ ಬಲ್ಲವರು ಈ ಬೋಧನೆಯನ್ನು ತಪ್ಪೆನ್ನಲಾರರು.

ಸಾಹಿತ್ಯಭಾಗದಲ್ಲಿ ಪಾತ್ರಚಿತ್ರಣಕ್ಕೆಂದು ಬಳಕೆಗೆ ಬಂದಿರುವ ಮೂರು ವಿಶೇಷಣಗಳ ಶಕ್ತಿಯನ್ನು ವಿಮರ್ಶಕರು ಇನ್ನೂ ಗುರುತಿಸಿದಂತಿಲ್ಲ. ಬ್ರೇವ್, ಕೈಂಡ್, ಹೆಲ್ಪ್‌ಫುಲ್ ಎಂಬ ಇವು ಮುಂಬೈನ ರೈಲುಹಳಿಯ ಮೇಲೆ ಬಿದ್ದ ಹುಡುಗಿಯನ್ನು ಉಳಿಸಿದ ಬಾಲೇಶ್ವರ ಮಿಶ್ರಾನಿಗೆ ಹೇಗೋ ಹಾಗೆಯೇ ಡಾ. ಅಂಬೇಡ್ಕರರಿಗೂ, ಜಮೀನು ಮಾರಿದರೂ ಅದರಲ್ಲಿದ್ದ ಮರಗಳನ್ನು ಮಾರಲೊಪ್ಪದ ಡಾನ್ ಆನ್ಸೆಲ್ಮೋ ಎಂಬ ಮುದುಕನಿಗೂ, ರಸ್ಕಿನ್ ಬಾಂಡರ ಮರ ಹತ್ತುವ ಅಜ್ಜಿಗೂ ಒಗ್ಗುತ್ತವೆ. ಸಾರ್ವತ್ರಿಕವಾದ ಇಂಥ ಮಾನವತಾವಾದವು ಯಾವುದೇ ವಿಮರ್ಶಾ ಪಂಥದಲ್ಲಿ ಇದುವರೆಗೆ ಸಿದ್ಧಿಸಿಲ್ಲ.

ಇದೇ ಪಠ್ಯದಲ್ಲಿ ಆರ್.ಕೆ. ನಾರಾಯಣರ ‘ಎ ಹೀರೋ’ ಎಂಬ ಕಥೆಯಿದೆ. ಅಜ್ಜಿಯ ಮಗ್ಗುಲಲ್ಲಿ ಮಲಗುವ ಸ್ವಾಮಿಯೆಂಬ ಹುಡುಗನನ್ನು ತಂದೆ ಹಠ ಹಿಡಿದು ಆಫೀಸು ಕೋಣೆಯಲ್ಲಿ ಒಂಟಿಯಾಗಿ ಮಲಗಿಸುವುದು, ಕತ್ತಲಲ್ಲಿ ದೆವ್ವವೆಂದು ಹೆದರಿ ಅವನು ಕಚ್ಚಿದ ಕಾಲು ಕಳ್ಳನದಾಗಿರುವುದು, ಊರೆಲ್ಲ ಹೊಗಳಿದ ಮೇಲೂ ಅವನು ಮತ್ತೆ ಅಜ್ಜಿಯ ಮಗ್ಗುಲಿಗೇ ಸೇರುವುದು ಇದರ ಸಾರ. ಶಂಕರ್ ನಾಗ್ ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿಯಲ್ಲಿ ಸ್ವಾಮಿಯ ತಂದೆಯಾಗಿ ಗಿರೀಶ್ ಕಾರ್ನಾಡರು ನಟಿಸಿರುವುದರಿಂದ, ಪುನರ್ಮನನದ ನೆಪದಲ್ಲಿ ಮೊಬೈಲು ಹಿಡಿಯುವುದಕ್ಕೆ ಈ ಪಾಠದಷ್ಟು ಗೌರವಯುತವಾದ ಕಾರಣ ಇನ್ನೊಂದಿಲ್ಲ. ನಾರಾಯಣರು ಹಿನಕಲ್‌ಗೆ ಪರದೇಶದವರಲ್ಲ. ಅವರು ಬಾಳಿದ ಯಾದವಗಿರಿಯ ಮನೆ ನಗರದ ಇದೇ ಮಗ್ಗುಲಲ್ಲಿದ್ದು, 2016ರಿಂದ ವಸ್ತುಸಂಗ್ರಹಾಲಯವಾಗಿದೆ. ಲೇಖಕರ ಪರಿಚಯವೆಂಬ ಭಾಗದಲ್ಲಿ ಅವರ ಜನನದ ವರ್ಷ 1906ನ್ನು ಉರು ಹೊಡೆಯುವ ವಿದ್ಯಾರ್ಥಿಗೆ, ಮಹಾರಾಜಾ ಕಾಲೇಜಿಯೇಟ್ ಹೈಸ್ಕೂಲಿನ ಹೆಡ್‌ಮಾಸ್ಟರ ಮಗನಾಗಿದ್ದ ಈ ಲೇಖಕರು ಕಾಲೇಜು ಪ್ರವೇಶದ ಪರೀಕ್ಷೆಯಲ್ಲಿ ನಪಾಸಾದರೆಂಬುದನ್ನೂ, ನಪಾಸಾದದ್ದು ಇಂಗ್ಲಿಷಿನಲ್ಲಿಯೇ ಎಂಬುದನ್ನೂ, ಆ ವರ್ಷವನ್ನು ಮನೆಯಲ್ಲಿ ಮನಸ್ಸಿಗೆ ಬಂದದ್ದನ್ನು ಓದುತ್ತ ಕಳೆದು 1926ರಲ್ಲಿ ಮಹಾರಾಜಾ ಕಾಲೇಜಿಗೆ ಸೇರಿದರೆಂಬುದನ್ನೂ ಯಾವ ಪ್ಯಾಕೇಜೂ ತಿಳಿಸುವುದಿಲ್ಲ. ತಿಳಿಸದಿರುವುದೇ ಕ್ಷೇಮವೆಂದು ಪೋಷಕರು ಒಪ್ಪುತ್ತಾರೆ. ಮುಂದೆ ರಾಜ್ಯಸಭೆಯ ಸದಸ್ಯರಾದಾಗ ನಾರಾಯಣರು ಅಲ್ಲಿ ಮಾತನಾಡಲು ಆರಿಸಿಕೊಂಡ ವಿಷಯ ಮಕ್ಕಳ ಶಾಲಾ ಚೀಲದ ಭಾರ. ಈಗ ಆ ಭಾರದಲ್ಲಿ ಅವರ ಕಥೆಯೂ ಸೇರಿದೆ.

ಕೆಲವು ಪುಟ ಮುಂದೆ ಹೋದರೆ ವಿ.ಕೃ. ಗೋಕಾಕರ ಇಂಗ್ಲಿಷ್ ಕವಿತೆ ಎದುರಾಗುತ್ತದೆ. ಶಾಲೆಗಳಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಬೇಕೆಂದು 1981ರಲ್ಲಿ ವರದಿ ಕೊಟ್ಟ ಸಮಿತಿಯ ಅಧ್ಯಕ್ಷರೂ, 1982ರಲ್ಲಿ ಡಾ. ರಾಜ್‌ಕುಮಾರ್ ಮುಂದೆ ನಿಂತು ನಡೆಸಿದ ಚಳವಳಿಗೆ ತಮ್ಮ ಹೆಸರನ್ನೇ ಕೊಟ್ಟವರೂ ಆದ ಗೋಕಾಕರು ವೃತ್ತಿಯಿಂದ ಇಂಗ್ಲಿಷ್ ಪ್ರಾಧ್ಯಾಪಕರು. ಅವರ ಹೆಸರು ಹೇಳಿ ಕನ್ನಡ ಮಾಧ್ಯಮಕ್ಕೆ ಸೇರಿದ ಮಗು ಅವರದೇ ಇಂಗ್ಲಿಷ್ ಪದ್ಯದ ಸಾರಾಂಶಕ್ಕೆ ಸಿಕ್ಕಿಬೀಳುವುದು ಕರ್ನಾಟಕದಲ್ಲಿ ಮಾತ್ರ ಸಾಧ್ಯ.

ಇಂಗ್ಲಿಷ್ ಪಾಠವನ್ನು ಕನ್ನಡದಲ್ಲಿ ಕೇಳಿಸಿಕೊಂಡು, ಅರ್ಥವನ್ನು ಕನ್ನಡದಲ್ಲಿ ನೆನಪಿಟ್ಟುಕೊಂಡು, ಉತ್ತರವನ್ನು ಮಾತ್ರ ಇಂಗ್ಲಿಷಿನಲ್ಲಿ ಉರು ಹೊಡೆಯುವ ಹಿನಕಲ್‌ನ ಪದ್ಧತಿಯನ್ನು ಆಧುನಿಕ ಶಿಕ್ಷಣತಜ್ಞರು ಹೀಗಳೆಯುವುದುಂಟು. ಆದರೆ ಮೈಸೂರಿನಲ್ಲಿ ಇದಕ್ಕೆ ಆಸ್ಥಾನದ ಪರಂಪರೆಯೇ ಇದೆ. ಆಸ್ಥಾನದಲ್ಲಿ ಅಭಿನವ ಕಾಳಿದಾಸರೆಂದು ಹೆಸರಾದ ಬಸವಪ್ಪ ಶಾಸ್ತ್ರಿಗಳು ಇಂಗ್ಲಿಷ್ ಬಾರದಿದ್ದರೂ ಅದನ್ನು ಬಲ್ಲ ಸಿ. ಸುಬ್ಬರಾಯರಿಂದ ಒಥೆಲೋ ನಾಟಕವನ್ನು ತಿಳಿದುಕೊಂಡು ‘ಶೂರಸೇನ ಚರಿತ್ರೆ’ಯನ್ನು ರಚಿಸಿದರು. ಸುಬ್ಬರಾಯರು ಅಂದು ಮಾಡಿದ್ದನ್ನೇ ಟ್ಯೂಷನ್ ಸರ್ ಇಂದು ಮಾಡುತ್ತಾರೆ. ಫಲಿತಾಂಶದಲ್ಲಿ ವ್ಯತ್ಯಾಸ ಕಂಡರೆ ಅದಕ್ಕೆ ಅವರೊಬ್ಬರನ್ನೇ ದೂರುವುದು ನ್ಯಾಯವಲ್ಲ.

ಋತುವಿನ ವಿಚಾರವಾಗಿಯೂ ಒಂದು ಮಾತು ಹೇಳಬೇಕು. 2025ರಲ್ಲಿ ಪರೀಕ್ಷೆಯು ಮಾರ್ಚ್ 21ರಂದು ಆರಂಭವಾಯಿತು, ಮರುದಿನವೇ ಐಪಿಎಲ್ ಆರಂಭವಾಯಿತು, 30ರಂದು ಯುಗಾದಿ ಬಂತು. ಬೆಂಗಳೂರು ತಂಡ ಆಡುತ್ತಿರುವಾಗ ಪಕ್ಕದ ಮನೆಯಿಂದ ಏಳುವ ಕೂಗನ್ನು ಕೇಳಿಯೇ ಅದು ಸಿಕ್ಸರೋ ವಿಕೆಟ್ಟೋ ಎಂದು ನಿರ್ಣಯಿಸಿ, ಕಣ್ಣನ್ನು ಪುಸ್ತಕದಿಂದ ಕದಲಿಸದಿರುವ ವಿದ್ಯೆಯನ್ನು ಯಾವ ಮಂಡಲಿಯೂ ಪರೀಕ್ಷಿಸುವುದಿಲ್ಲ. 2023-24ರಲ್ಲಿ ಒಂದೇ ವರ್ಷ ಮೂರು ಪರೀಕ್ಷೆಗಳ ವ್ಯವಸ್ಥೆ ಬಂದುದರಿಂದ ಪುನರ್ಮನನವು ಬೇಸಿಗೆಯುದ್ದಕ್ಕೂ ಹಬ್ಬುವ ಸಾಧ್ಯತೆಯೂ ಹುಟ್ಟಿಕೊಂಡಿತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್, ಎಂದರೆ ಕ್ಯಾಮೆರಾ ಮೂಲಕ ದೂರದಿಂದ ನಿಗಾ ಇಡುವ ಏರ್ಪಾಡು ಬಂತು. ಆ ವರ್ಷ ಮಕ್ಕಳು ತಮ್ಮ ನೆನಪನ್ನೇ ನೆಚ್ಚಬೇಕಾಗಿ ಬಂದುದರಿಂದ ಫಲಿತಾಂಶ ಕುಸಿಯಿತು, ಕೃಪಾಂಕವನ್ನು ಶೇಕಡ 10ರಿಂದ 20ಕ್ಕೆ ಏರಿಸಿದ ಮೇಲೂ ಅದು ಶೇಕಡ 73.40ಕ್ಕೆ ನಿಂತಿತು.

ಕೃಪೆಯ ಪ್ರಸ್ತಾಪ ಬಂದುದರಿಂದ, ಕಂಠಪಾಠಕ್ಕೆಂದು ಕೊಡುವ ಪದ್ಯಗಳಲ್ಲಿ ಪ್ರಸಿದ್ಧವಾದ ಒಂದನ್ನು ಇಲ್ಲಿಯೇ ನೋಡಬಹುದು. ಅದು ಶೇಕ್ಸ್‌ಪಿಯರನ ‘ಮರ್ಚೆಂಟ್ ಆಫ್ ವೆನಿಸ್’ ನಾಟಕದಲ್ಲಿ ಪೋರ್ಷಿಯಾ ವಕೀಲನ ವೇಷದಲ್ಲಿ ನ್ಯಾಯಾಲಯಕ್ಕೆ ಬಂದು, ಸಾಲ ಕೊಟ್ಟ ಶೈಲಾಕನ ಮುಂದೆ ಕರುಣೆಯನ್ನು ಮಳೆಗೆ ಹೋಲಿಸಿ ಅದರ ಮಹಿಮೆಯನ್ನು ಹೊಗಳುವ ಭಾಗ. ಮೌಲ್ಯಮಾಪಕರ ಮುಂದೆ ಕರುಣೆಯನ್ನು ಕುರಿತೇ ಬರೆದು ಅಂಕ ಬೇಡುವ ಈ ಏರ್ಪಾಡಿನ ಔಚಿತ್ಯವನ್ನು ಬೇರೆ ಹೇಳಬೇಕಾಗಿಲ್ಲ. ಈ ಪದ್ಯವನ್ನು ಒಪ್ಪಿಸಿಕೊಳ್ಳುವ ಕೆಲಸ ಅನೇಕ ಮನೆಗಳಲ್ಲಿ ಅಜ್ಜಿಗೆ ಬೀಳುತ್ತದೆ, ಏಕೆಂದರೆ ಆ ಹೊತ್ತಿನಲ್ಲಿ ಬಿಡುವಾಗಿರುವವಳು ಅವಳೊಬ್ಬಳೇ. ಅವಳಿಗೆ ಇಂಗ್ಲಿಷ್ ಅಕ್ಷರ ಬಾರದು. ಆದರೆ ಸೋಬಾನೆ ಪದಗಳನ್ನೂ ಮಾದಪ್ಪನ ಕಥೆಯನ್ನೂ ಕೇಳಿಯೇ ಕಲಿತ ಕಿವಿಯಾದ್ದರಿಂದ ಮೂರು ರಾತ್ರಿ ಪದ್ಯವನ್ನೂ ಮೊಮ್ಮಗ ಹೇಳುವ ಅರ್ಥವನ್ನೂ ಕೇಳುವಷ್ಟರಲ್ಲಿ ಅದರ ನಡೆ ಅವಳಿಗೆ ಹಿಡಿತಕ್ಕೆ ಸಿಕ್ಕಿರುತ್ತದೆ, ಮೊಮ್ಮಗ ನಡುವೆ ಒಂದು ಸಾಲು ಹಾರಿಸಿದರೆ ಅವಳು ತಡೆಯುತ್ತಾಳೆ. "ಅಲ್ಲೊಂದ್ ಮಳೆ ಬತ್ತಿತ್ತಲ್ಲ ಮಗ, ಅದೆಲ್ಲೋಯ್ತು?" ಎಂಬ ಪ್ರಶ್ನೆಗೆ ಉತ್ತರವಾಗಿ ಮಳೆಯನ್ನು ಮರಳಿ ಅದರ ಜಾಗದಲ್ಲಿ ಸುರಿಸಿ ಪದ್ಯವನ್ನು ಮುಗಿಸಿದ ಮೇಲೆ ಅವಳು ಎಲೆ ಅಡಿಕೆಯ ಚೀಲವನ್ನು ಬಿಚ್ಚುತ್ತ, ಯಾವ ನೀಲನಕ್ಷೆಯಲ್ಲಿಯೂ ಇಲ್ಲದ ಇನ್ನೊಂದು ಪ್ರಶ್ನೆಯನ್ನು ಹಾಕುತ್ತಾಳೆ:

"ಅದ್ ಸರಿ, ಆ ಸಾವ್ಕಾರ ಆಮೇಕೆ ಬುಟ್ನೋ ಇಲ್ವೋ?"

"ಅದು ಸಿಲಬಸ್‌ನಲ್ಲಿಲ್ಲ ಅಜ್ಜಿ."