ವಸೂಲಿರಾಯರ ಮೊಸಳೆ

ಯಾತ್ರೆಯಲ್ಲಿ ಕಣ್ಣಿಗೆ ಬಿದ್ದ ಪ್ರತಿಯೊಂದು ವಸ್ತುವಿನಿಂದಲೂ ತಾವು ತೆತ್ತ ಹಣದ ಪೂರ್ಣ ಪ್ರತಿಫಲವನ್ನು ಹಿಂಡಿಕೊಳ್ಳದೆ ಹೆಜ್ಜೆ ಮುಂದಿಡದ ಮಹನೀಯರೊಬ್ಬರು ಪ್ರವಾಸದ ಬಸ್ಸುಗಳಲ್ಲೆಲ್ಲ, ಸಾಮಾನ್ಯವಾಗಿ ಚಾಲಕನ ಹಿಂದಿನ ಕಿಟಕಿಯ ಪಕ್ಕದಲ್ಲಿ, ವಿರಾಜಮಾನರಾಗಿರುತ್ತಾರೆ. ನಮ್ಮ ಪಾಲಿಗೆ ಬಂದವರು ಸರ್ಕಾರದ ಕಛೇರಿಯೊಂದರಲ್ಲಿ 34 ವರ್ಷ ಕುರ್ಚಿಯಿಂದ ಕದಲದೆ ಸೇವೆ ಸಲ್ಲಿಸಿ ನಿವೃತ್ತರಾದವರು. ತಂದೆತಾಯಿಗಳು ಇಟ್ಟ ಹೆಸರು ಏನೇ ಇರಲಿ, ಎರಡನೆಯ ದಿನದ ಕಾಫಿಯ ಹೊತ್ತಿಗೆ ಬಸ್ಸಿಗೆ ಬಸ್ಸೇ ಅವರನ್ನು ವಸೂಲಿರಾಯರೆಂದು ಕರೆಯತೊಡಗಿತ್ತು.

ಬೆಳಗ್ಗೆ ಮಹಾಬಲಿಪುರದ ಮಹಾಶಿಲೆಯ ಮುಂದೆ, ಮುಂಗಾಲುಗಳನ್ನೆತ್ತಿ ತಪಸ್ಸು ಮಾಡುವ ಬೆಕ್ಕನ್ನೂ ಅದನ್ನು ನಂಬಿ ಸುತ್ತ ನೆರೆದ ಇಲಿಗಳನ್ನೂ ಕಂಡು ರಾಯರು ಪರಮ ಸಂತುಷ್ಟರಾಗಿದ್ದರು. ಆ ಬೆಕ್ಕು ಸುಮಾರು 1,300 ವರ್ಷಗಳಿಂದ ಮಿಸುಕಿಲ್ಲವೆಂಬ ಆಕ್ಷೇಪಣೆ ಅವರಿಗೆ ಹೊಳೆಯಲಿಲ್ಲ. ಆ ಔದಾರ್ಯವೆಲ್ಲ ಮದರಾಸಿನ ದಾರಿಯಲ್ಲಿ, ಊರವರು ಮುದಲೈ ಪಣ್ಣೈ ಎನ್ನುವ ಮೊಸಳೆ ಬ್ಯಾಂಕಿನ ಬಾಗಿಲಲ್ಲಿ ಟಿಕೇಟು ಕೊಂಡ ಕ್ಷಣಕ್ಕೆ ಮುಗಿಯಿತು. ಅಳಿವಿನಂಚಿಗೆ ಬಂದಿದ್ದ ನಮ್ಮ ದೇಶದ ಮೊಸಳೆಗಳನ್ನು ಉಳಿಸಲೆಂದು ರೊಮುಲಸ್ ವಿಟೇಕರ್ ಮೊದಲಾದವರು 1976ರಲ್ಲಿ ಸ್ಥಾಪಿಸಿದ ಈ ತಾಣದಲ್ಲಿ, ನೂರಾರು ಮೊಸಳೆಗಳು ಒಂದರ ಮೇಲೊಂದು ಒರಗಿಕೊಂಡು, ಬಾಯ್ದೆರೆದು, ಕಡೆದಿಟ್ಟಂತೆ ಬಿದ್ದಿದ್ದವು.

“ಏನ್ರೀ ಇದು, ಒಂದೂ ಅಲುಗಾಡೋದಿಲ್ಲ! ಬ್ಯಾಂಕಂತೆ ಬ್ಯಾಂಕು, ಎಲ್ಲ ಬರೀ ಠೇವಣಿ, ಚಲಾವಣೆಯೇ ಇಲ್ಲ!” ಎಂದು ರಾಯರು ನನ್ನ ಮೇಲೆ ಹರಿಹಾಯ್ದರು. ಗಜೇಂದ್ರನನ್ನು ಹಿಡಿದ ಮಕರವೇನು, ಕಾಲಡಿಯಲ್ಲಿ ಬಾಲಶಂಕರರ ಪಾದವನ್ನು ಕಚ್ಚಿ ಸಂನ್ಯಾಸಕ್ಕೆ ಅಪ್ಪಣೆ ಕೊಡಿಸಿದ ಮೊಸಳೆಯೇನು, ಅವುಗಳ ವಂಶದಲ್ಲಿ ಇಂಥ ಸೋಮಾರಿಗಳು ಹುಟ್ಟಿದರಲ್ಲಾ ಎಂದು ಮರುಗಿದರು. ನಮ್ಮ ರಂಗನತಿಟ್ಟಿನಲ್ಲಾದರೆ ದೋಣಿಗೆ ಕೊಟ್ಟ ದುಡ್ಡಿನಲ್ಲೇ ಹಕ್ಕಿಯೂ ಮೊಸಳೆಯೂ ಎರಡೂ ಗಿಟ್ಟುತ್ತವೆಂಬ ಲೆಕ್ಕವೂ ಬಂತು. ಕಡೆಗೆ ಅವರು ಬಗ್ಗಿ ಒಂದು ಬೆಣಚುಕಲ್ಲನ್ನು ಹೆಕ್ಕಿಕೊಳ್ಳುವಷ್ಟರಲ್ಲಿ ಕಾವಲುಗಾರನು, “ಕಲ್ಲು ಪೋಡಾದೀಂಗ ಸಾರ್” ಎಂದು ಕೈಮುಗಿದನು. ಬಿಸಿಲಿಗೆ ಮೈ ಕಾದಾಗ ಶಾಖವನ್ನು ಹೊರಗೆ ಬಿಡುವುದಕ್ಕಾಗಿ ಮೊಸಳೆ ಹೀಗೆ ಬಾಯ್ದೆರೆದಿರುತ್ತದೆಂದು ಅವನು ವಿವರಿಸಿದ್ದನ್ನು ರಾಯರು, ಮೇಲಧಿಕಾರಿಯು ಕೈಕೆಳಗಿನವನ ಸಮಜಾಯಿಷಿಯನ್ನು ಕೇಳುವಂತೆ, ಮುಖ ತಿರುಗಿಸಿಕೊಂಡು ಕೇಳಿದರು.

ಅವರ ಮಡದಿಯಾದರೋ ಎಲ್ಲವನ್ನೂ ಶ್ರದ್ಧೆಯಿಂದ ಆಲಿಸುತ್ತಿದ್ದರು. ಮೊಟ್ಟೆಗಳು 31 ಡಿಗ್ರಿ ಅಥವಾ ಅದಕ್ಕೂ ಕಡಮೆ ಶಾಖದಲ್ಲಿ ಬೆಳೆದರೆ ಮರಿಗಳೆಲ್ಲ ಹೆಣ್ಣು, 32.5ರ ಸುಮಾರಿನಲ್ಲಿ ಗಂಡು ಎಂದು ತಿಳಿದಾಗ, ಮೂವರು ಹೆಣ್ಣುಮಕ್ಕಳ ತಾಯಿಯಾದ ಆಕೆ, “ನಮ್ಮ ಅತ್ತೆಯವರು ಇದನ್ನು ಕೇಳಬೇಕಿತ್ತು” ಎಂದಷ್ಟೇ ನುಡಿದು ಮುಂದೆ ನಡೆದರು.

ಅದೇ ಆವರಣದಲ್ಲಿ ಇರುಳಿಗರ ಸಹಕಾರ ಸಂಘದವರು ಹಾವುಗಳಿಂದ ವಿಷ ತೆಗೆಯುವುದನ್ನು ತೋರಿಸುತ್ತಾರೆ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷವೇ, ಕಚ್ಚಿಸಿಕೊಂಡವರ ಪ್ರಾಣ ಉಳಿಸುವ ಮದ್ದಿಗೆ ಮೂಲದ್ರವ್ಯ. ಬುಸುಗುಟ್ಟುವ ಕೊಳಕುಮಂಡಲದ ಕತ್ತನ್ನು ಹಿಡಿದು, ಜಾಡಿಯ ಬಾಯಿಗೆ ಬಿಗಿದ ತೆಳುಪೊರೆಯ ಮೇಲೆ ಅದರ ಹಲ್ಲನ್ನೂರಿಸಿದಾಗ, ಹಳದಿ ಹನಿಗಳು ಕೆಳಗಿಳಿಯುವುದನ್ನು ಕಂಡು ನಾವು ಉಸಿರು ಬಿಗಿಹಿಡಿದಿದ್ದೆವು. ಮಿಸುಕುವುದೂ ಹರಿದಾಡುವುದೂ ಹೆಡೆಯೆತ್ತುವುದೂ ಎಲ್ಲ ಅಲ್ಲಿಯೇ ಇತ್ತು. ಆದರೆ ಅದಕ್ಕೆ ಬೇರೆ ಟಿಕೇಟೆಂದು ತಿಳಿದ ರಾಯರು ಹೊರಗಿನ ಕಟ್ಟೆಯ ಮೇಲೆ ಕುಳಿತು ನಮ್ಮ ಚಪ್ಪಲಿಗಳ ಮೇಲ್ವಿಚಾರಣೆ ನಡೆಸುತ್ತಿದ್ದರು. ಚಪ್ಪಲಿ ಬಿಡಬೇಕೆಂದು ಅಲ್ಲಿ ಯಾರೂ ಕೇಳಿರಲಿಲ್ಲ. ಹಾವಿನ ಸನ್ನಿಧಿಯೆಂದು ಬಸ್ಸಿನ ಹೆಂಗಸರೇ ಬಿಟ್ಟಿದ್ದರು.

ಬಸ್ಸು ಹೊರಟ ಐದು ನಿಮಿಷಕ್ಕೆ ರಾಯರು ಸೀಟಿಗೊರಗಿ, ಕಣ್ಣು ಅರೆಮುಚ್ಚಿ, ಬಾಯಿ ಅಗಲವಾಗಿ ತೆರೆದು ನಿದ್ರೆಹೋದರು. ಎಬ್ಬಿಸಲೇ ಎಂದು ನಾನು ಕಣ್ಸನ್ನೆಯಿಂದ ಕೇಳಿದೆ. “ಬೇಡಿ, ಶಾಖ ಹೊರಗೆ ಹೋಗಲಿ” ಎಂದರು ಅವರ ಮಡದಿ. ಅಡ್ಯಾರು ದಾಟುವವರೆಗೂ ಆ ಬಾಯಿ ಮುಚ್ಚಲಿಲ್ಲ.